ಅರೆಬೆಂದ ಗಾಲಿಯಾ ಮತ್ತು ಬೆಟ್ಟದ ನೆರಳು

ನಮ್ಮೂರಿನ ಒಣಹೊಳೆಗೆ ವಾದಿ ಎಂದು ಹೆಸರು. ವರ್ಷದ ಬಹುಪಾಲು ಅದು ಬಾಯಿ ಬಿಡುವುದಿಲ್ಲ. ಕಲ್ಲು, ಮರಳು, ಬೇಲಿ ಹಾರಿ ಬಂದ ಆಡುಗಳು, ಆಡುಗಳ ಹಿಂದೆ ಬೈಯುತ್ತ ಬಂದ ಹೆಂಗಸರು, ಎಲ್ಲವನ್ನೂ ಸಹಿಸಿಕೊಂಡು ತೆಪ್ಪಗೆ ಮಲಗಿರುತ್ತದೆ. ಆದರೆ ಈ ವಾದಿ ಒಮ್ಮೆ ವಾದಕ್ಕೆ ನಿಂತರೆ ಎದುರಿಗೆ ಪ್ರತಿವಾದಿ ಉಳಿಯುವುದಿಲ್ಲ. ಹಜರ್ ಬೆಟ್ಟಸಾಲಿನ ಮೇಲೆ ಎಲ್ಲೋ ಗುಡುಗಿದರೆ ಸಾಕು, ಇಲ್ಲಿ ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಆಳೆತ್ತರದ ನೀರು ಬಂಡೆ ಉರುಳಿಸಿಕೊಂಡು ಬರುತ್ತದೆ.

ಇಂಥ ವಾದಿಯ ಮಡಿಲಲ್ಲೇ ನಮ್ಮ ಹಿರಿಯರು ಊರಿನ ಶುವಾ ಗುಂಡಿ ತೋಡಿಟ್ಟಿದ್ದಾರೆ. ಈದ್ ಬಂತೆಂದರೆ ಮನೆಮನೆಯ ಮಾಂಸ ಮಸಾಲೆ ಮೆತ್ತಿಸಿಕೊಂಡು, ಬಾಳೆಎಲೆ ಸುತ್ತಿಕೊಂಡು, ಖರ್ಜೂರದ ಗರಿಯ ಚೀಲದಲ್ಲಿ ಕೂತು ಆ ಗುಂಡಿಯ ಕೆಂಡಕ್ಕೆ ಇಳಿಯುತ್ತದೆ. ಮೇಲೆ ತಗಡು ಹೊದಿಸಿ, ತಗಡಿನ ಮೇಲೆ ಹಸಿಮಣ್ಣು ಮೆತ್ತಿ, ಒಂದೆಳೆ ಹೊಗೆಯೂ ಹೊರಬರದಂತೆ ಮುಚ್ಚುತ್ತಾರೆ. ಹಬ್ಬದ ಎರಡನೇ ದಿನ ಸಂಜೆ ಮುಚ್ಚಿದ್ದನ್ನು ಮೂರನೇ ದಿನ ಅಸರ್ ನಮಾಜು ಮುಗಿದ ಮೇಲೆಯೇ, ಅಂದರೆ ಮಧ್ಯಾಹ್ನದ ಬಿಸಿಲು ಸ್ವಲ್ಪ ವಾಲಿದ ಮೇಲೆಯೇ, ತೆಗೆಯಬೇಕು. ತೆಗೆಯುವಾಗ ಕಂಕುಳ ಕೂಸಿನಿಂದ ಕೋಲೂರುವ ಮುದುಕರವರೆಗೆ ಇಡೀ ಊರು ವಾದಿಗೆ ಇಳಿದು ಗುಂಡಿಯ ಸುತ್ತ ನಿಂತಿರುತ್ತದೆ. ಆ ಮೊದಲ ಘಮ ಮೂಗಿಗೆ ಬೀಳದಿದ್ದರೆ ಅದು ಈದ್ ಅಲ್ಲ, ಬರೀ ರಜೆ.

ಹೊಳೆಯೊಳಗೆ ಒಲೆ ಹೂಡುವುದು ಯಾವ ಜಾಣತನ ಎಂದು ನೀವು ಕೇಳಬಹುದು. ಈಗಿನ ಗುಂಡಿಗೆ ಕಲ್ಲು ಕಟ್ಟಿದ ಕಾಲದಲ್ಲಿ ಈದ್ ಚಳಿಗಾಲದಲ್ಲಿ ಬರುತ್ತಿತ್ತು. ಆಗ ವಾದಿಗೂ ನಿದ್ದೆ, ಗುಡುಗಿಗೂ ನಿದ್ದೆ. ಆದರೆ ನಮ್ಮದು ಚಂದ್ರನ ಲೆಕ್ಕದ ಹಬ್ಬ. ವರ್ಷವರ್ಷ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಯುತ್ತ ಸರಿಯುತ್ತ ಈಗ ಸರಿಯಾಗಿ ನಡುಬೇಸಿಗೆಯ ಗುಡುಗಿನ ಕಾಲದೊಳಕ್ಕೇ ಬಂದು ಕೂತಿದೆ. ಹಬ್ಬ ಸರಿಯಿತು, ಗುಂಡಿ ಸರಿಯಲಿಲ್ಲ. ಗುಂಡಿಯ ಯಜಮಾನ ಖಲ್ಫಾನ್ ಮಾವ ಅಂತೂ ಕೂದಲೆಳೆಯಷ್ಟೂ ಸರಿಯುವವರಲ್ಲ. ಗುಂಡಿಯ ವಿಷಯದಲ್ಲಿ ಅವರ ಮಾತು ಅಂದರೆ ಮಣ್ಣು ಮೆತ್ತಿದ ಮಾತು. ಸಂದಿಯಲ್ಲಿ ಹೊಗೆಯಾಡುವುದಿಲ್ಲ.

ಅವರು ಜನ್ಮದಲ್ಲಿ ಒಂದೇ ಸಲ ಸರಿದಿದ್ದರು. ಅದು ಹೋದ ವರ್ಷ, ನನ್ನ ಚಿಕ್ಕಪ್ಪನ ಮಗಳು ಗಾಲಿಯಾಳ ಮಾತು ಕೇಳಿ.

ಗಾಲಿಯಾ ಕರಾವಳಿಯ ಹವಾಮಾನ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾಳೆ. ಹೆಸರು ಗಾಲಿಯಾ, ಸಂಬಳ ಗಾಳಿಯದು. ಹೋದ ಈದ್‌ನ ಮೂರನೇ ದಿನ ಬೆಳಗಾಗುತ್ತಲೇ "ಇವತ್ತು ವಾದಿ ಬಂದೇ ಬರತ್ತೆ" ಎಂದು ಊರನ್ನೆಲ್ಲ ಎಬ್ಬಿಸಿದ್ದಳು. ಖಲ್ಫಾನ್ ಮಾವ ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಗುಂಡಿ ತೆಗೆಸಿದರು. ಮಾಂಸ ಅರೆಬೆಂದಿತ್ತು. ಆಕಾಶ ಅಷ್ಟೂ ಬೆಂದಿರಲಿಲ್ಲ. ಒಂದು ಹನಿ ಬೀಳಲಿಲ್ಲ. ಹಸಿವು ತಡೆಯದವರು ಹಾಗೇ ತಿಂದರು. ಆ ದಿನ ಪ್ರವಾಹ ಬಂದದ್ದು ನಿಜ, ಆದರೆ ವಾದಿಯಲ್ಲಲ್ಲ, ಮನೆಮನೆಯ ಹಿತ್ತಿಲಲ್ಲಿ. ಅಂದಿನಿಂದ ಅವಳು ಊರಿಗೆಲ್ಲ ಅರೆಬೆಂದ ಗಾಲಿಯಾ.

ಈ ವರ್ಷ ಹಬ್ಬದ ಮೂರನೇ ದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕಾಫಿ ಖರ್ಜೂರ ನಡೆಯುತ್ತಿದ್ದಾಗ ಖಲ್ಫಾನ್ ಮಾವ ಬಂದರು. ಕೂರುವ ಮೊದಲೇ ಶುರು.

"ಏನಮ್ಮ ಅರೆಬೆಂದ ಗಾಲಿಯಾ, ಈ ಸಲ ಏನಂತಾನೆ ನಿನ್ನ ಕಂಪ್ಯೂಟರಪ್ಪ? ಕೊಡೆ ಹಿಡ್ಕೊಂಡು ಬರ್ಲಾ, ದೋಣಿ ಹತ್ಕೊಂಡು ಬರ್ಲಾ?"

"ಏನೂ ಇಲ್ಲ ಮಾವ. ನಮ್ಮ ವಾದಿ ಕಡೆ ಪೂರ್ತಿ ಖಾಲಿ. ಆರಾಮಾಗಿ ಅಸರ್ ಆದ್ಮೇಲೇ ತೆಗೀರಿ."

"ನೀನು ಖಾಲಿ ಅಂದ್ಮೇಲೆ ನಂಗೆ ಒಂಥರಾ ಭಯ ಆಗ್ತಿದೆ ಕಣಮ್ಮ" ಎಂದು ಮಾವ ಆಕಾಶ ನೋಡಿದರು. ಎಲ್ಲರೂ ನಕ್ಕರು. ಗಾಲಿಯಾಳೂ ನಕ್ಕಳು. ನಗುವಾಗ ಅವಳ ಕಿವಿ ಕೆಂಪಾದದ್ದು ಪಕ್ಕದಲ್ಲಿದ್ದ ನನಗೆ ಕಂಡಿತು.

ಮಧ್ಯಾಹ್ನದ ನಮಾಜು ಮುಗಿದು ಊರು ಒಂದು ಕಣ್ಣು ನಿದ್ದೆಗೆ ಜಾರಿದ ಮೇಲೆ ಅವಳು ನನ್ನನ್ನು ಎಬ್ಬಿಸಿದಳು. "ಮರ್ಹೂನಣ್ಣ, ಮಾಳಿಗೆ ಮೇಲೆ ಬಾ. ಕೆಳಗೆ ಫೋನು ಸಿಗ್ನಲ್ ಹಿಡೀತಿಲ್ಲ." ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಜಗತ್ತಿನ ಜೊತೆ ಮಾತಾಡಬೇಕಾದವರು ಅಲ್ಲಿ ಟ್ಯಾಂಕನ್ನು ತಬ್ಬಿಕೊಂಡು ನಿಲ್ಲಬೇಕು.

ಅವಳು ತಬ್ಬಿಕೊಂಡು ನಿಂತಳು. ನಾನು ತಲೆಗೆ ಸುತ್ತುವ ಮಸರ್ ಬಟ್ಟೆ ಬಿಚ್ಚಿ ಫೋನಿಗೆ ನೆರಳು ಹಿಡಿದೆ.

"ಏನಾಯ್ತೇ? ಖಾಲಿ ಅಂದ್ಯಲ್ಲ ಬೆಳಿಗ್ಗೆ?"

"ಖಾಲಿನೇ. ಆದ್ರೆ ಖಾಲಿ ಆಗ್ತಿರೋ ರೀತಿ ಸರಿಯಿಲ್ಲ."

ನನ್ನ ಮುಖ ನೋಡಿ ಅವಳಿಗೆ ಕನಿಕರ ಹುಟ್ಟಿರಬೇಕು. "ನೋಡಣ್ಣ, ಕಂಪ್ಯೂಟರ್ ಅನ್ನೋದು ಜಾಣ ಹುಡುಗ. ಮುಂದೆ ಎಲ್ಲಿ ಮೋಡ ಏಳತ್ತೆ, ಎಲ್ಲಿ ಮಳೆ ಬೀಳತ್ತೆ ಅಂತ ಲೆಕ್ಕ ಮಾಡ್ತಾ ಹೋಗ್ತಾನೆ. ಆದ್ರೆ ಹಗಲುಗನಸು ಜಾಸ್ತಿ. ಅದಕ್ಕೆ ರೇಡಾರ್ ಅನ್ನೋ ಮೇಷ್ಟ್ರನ್ನ ಇಟ್ಟಿದ್ದೀವಿ. ಮೇಷ್ಟ್ರು ಗಾಳಿಗೆ ಒಂದು ಕೂಗು ಹಾಕ್ತಾರೆ, ಮಳೆಹನಿಗೆ ತಾಗಿ ಕೂಗು ವಾಪಸ್ ಬರತ್ತೆ. ನಿಜವಾಗ್ಲೂ ಮಳೆ ಎಲ್ಲಿದೆ ಅಂತ ಗೊತ್ತಾಗತ್ತೆ. ಕಾಲು ಗಂಟೆಗೊಂದು ಸಲ ಹುಡುಗನ ಕಿವಿ ಹಿಂಡಿ, ಇಲ್ಲಿ ಮಳೆಯಿದೆ, ನೀನು ಬಿಟ್ಟಿದ್ದೀಯ, ಬರ್ಕೋ ಅಂತಾರೆ. ಹುಡುಗ ತಿದ್ಕೊಂಡು ಮುಂದಿನ ಲೆಕ್ಕ ಮಾಡ್ತಾನೆ."

"ಮತ್ತೆ ಹೋದ ವರ್ಷ ಮೇಷ್ಟ್ರು ರಜೆಯಲ್ಲಿದ್ರಾ?"

"ಹೋದ ವರ್ಷ ಮೇಷ್ಟ್ರಿಗೆ 'ಇದೆ' ಅನ್ನೋದಕ್ಕೆ ಮಾತ್ರ ಅಪ್ಪಣೆ ಇತ್ತು. ಹುಡುಗ ಇಲ್ಲದ ಮೋಡ ಬರೆದ್ರೆ 'ಇಲ್ಲ, ಅಳಿಸು' ಅನ್ನೋ ಹಾಗಿರ್ಲಿಲ್ಲ. ಅವನ ಕನಸಿನ ಮೋಡಾನೇ ನಂಗೆ ಅರೆಬೆಂದ ಅನ್ನೋ ಬಿರುದು ಕೊಡಿಸಿದ್ದು. ಆಮೇಲೆ ನಾನೇ ಹಟ ಮಾಡಿ, ಮಳೆ ಇಲ್ಲದ ಕಡೆ ಅಳಿಸೋ ಅಧಿಕಾರಾನೂ ಮೇಷ್ಟ್ರಿಗೆ ಕೊಡಿಸಿದೆ. ಸುಳ್ಳುಮಳೆ ಎಲ್ಲಾ ನಿಂತು ಹೋಯ್ತು. ಕೇಂದ್ರದಲ್ಲಿ ನಂಗೆ ಹಲ್ವಾ ತಿನ್ನಿಸಿದ್ರು."

"ಒಳ್ಳೇದಾಯ್ತಲ್ಲ. ಈಗೇನು ತಕರಾರು?"

ಅವಳು ಚಿತ್ರಗಳನ್ನು ಒಂದೊಂದಾಗಿ ಸರಿಸಿ ತೋರಿಸಿದಳು. ನಮ್ಮ ವಾದಿಯ ತಲೆಭಾಗದಲ್ಲಿ, ಬೆಟ್ಟದ ನೆತ್ತಿಯ ಏಣಿನ ಆಚೆ, ಹುಡುಗ ಒಂದು ಪುಟ್ಟ ಮೋಡ ಬರೆದಿದ್ದ. ಮುಂದಿನ ಚಿತ್ರದಲ್ಲಿ ಅದು ದಪ್ಪಗಾಗಿತ್ತು. ಅದರ ಮುಂದಿನದರಲ್ಲಿ ಮಂಗಮಾಯ. ಮತ್ತೆ ಮೊಳೆತಿತ್ತು, ಮತ್ತೆ ಬೆಳೆದಿತ್ತು, ಮತ್ತೆ ಮಾಯ. ಬೆಳಿಗ್ಗೆಯಿಂದ ಇದೇ ಆಟ.

"ಹುಡುಗ ಬರೀತಾನೇ ಇದಾನೆ, ಮೇಷ್ಟ್ರು ಅಳಿಸ್ತಾನೇ ಇದಾರೆ" ಎಂದಳು. "ಒಂದು ಸಲ ಆದ್ರೆ ಕನಸು ಅನ್ನಬೋದು. ಇಷ್ಟು ಸಲ ಹೊಡೆಸಿಕೊಂಡೂ ಅದನ್ನೇ ಬರೀತಾನೆ ಅಂದ್ರೆ ಅವನ ಲೆಕ್ಕದಲ್ಲಿ ಏನೋ ಇದೆ. ಈಗ ಈ ಅಂಚು ನೋಡು. ಎಲ್ಲಿಂದ ಅಳಿಸಿದೆ ಅನ್ನೋದನ್ನ ನೋಡು."

ನೋಡಿದೆ. ಅಳಿಸಿದ ಜಾಗದ ಅಂಚು ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿತ್ತು.

"ಮೋಡ ಪಟ್ಟಿ ಹಿಡ್ಕೊಂಡು ಗೆರೆ ಎಳೆಯತ್ತಾ?" ಎಂದು ಕೇಳಿ ಅವಳು ತಲೆಯೆತ್ತಿ ಎದುರಿನ ಬೆಟ್ಟ ನೋಡಿದಳು. ನಾನೂ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಬೆಟ್ಟ. ಅದರ ಆಚೆ ಏನಿದೆ ಎಂದು ಇಲ್ಲಿಂದ ಯಾವತ್ತೂ ಕಂಡಿಲ್ಲ. ಅವಳು ಟ್ಯಾಂಕಿಗೆ ಹಣೆ ಚಚ್ಚಿಕೊಂಡಳು, ಮೆಲ್ಲಗೆ. "ಅಯ್ಯೋ ನನ್ನ ಬುದ್ಧಿಗಿಷ್ಟು! ಮೇಷ್ಟ್ರಿಗೆ ಆ ಕಡೆ ಕಾಣೋದೇ ಇಲ್ಲ ಅಣ್ಣ! ಕೂಗು ಬೆಟ್ಟಕ್ಕೆ ಹೊಡೆದು ಅಲ್ಲೇ ನಿಲ್ಲತ್ತೆ. ಏಣಿನ ಆಚೆ ಪೂರ್ತಿ ಬೆಟ್ಟದ ನೆರಳು."

"ಉಪಗ್ರಹ ಇಲ್ವಾ? ಅದಕ್ಕೆ ಯಾವ ಬೆಟ್ಟ ಅಡ್ಡ?"

"ಅದಕ್ಕೆ ಮೋಡದ ನೆತ್ತಿ ಕಾಣತ್ತೆ, ಹೊಟ್ಟೆ ಕಾಣಲ್ಲ. ಈ ಬೇಸಿಗೇಲಿ ಬೆಟ್ಟದ ಮೇಲೆ ದಿನಾ ಮಧ್ಯಾಹ್ನ ನೆತ್ತಿಗಳ ಸಂತೆ. ಯಾವುದರ ಹೊಟ್ಟೇಲಿ ನೀರಿದೆ ಅಂತ ಹೇಗೆ ಹೇಳೋದು?"

ಆಮೇಲೆ ಅವಳು ಕೇಂದ್ರಕ್ಕೆ ಫೋನು ಹಚ್ಚಿದಳು. ಹಬ್ಬದ ಪಾಳಿಯಲ್ಲಿ ಕೂತಿದ್ದವಳು ಅವಳ ಗೆಳತಿ ಬದ್ರಿಯಾ. ಫೋನು ಜೋರುಮಾಡಿ ಇಟ್ಟಿದ್ದರಿಂದ ನನಗೂ ಕೇಳುತ್ತಿತ್ತು.

"ಬದ್ರಿಯಾ, ನಮ್ಮ ಬೆಟ್ಟದ ಆಚೆ ರೇಡಾರಿಂದ ಏನು ಬರ್ತಿದೆ ನೋಡೇ."

"ಸೊನ್ನೆ."

"ಸೊನ್ನೆ ಅಂದ್ರೆ ಮಳೆ ಇಲ್ಲ ಅಂತ. ನೆರಳಿರೋ ಕಡೆ ಸೊನ್ನೆ ಯಾರು ಹಾಕಿದ್ದು?"

"ನಾವೇ ಕಣೇ! ಖಾಲಿ ಬಿಟ್ರೆ ಪರದೆ ಮೇಲೆ ಇಲಿ ಕಡಿದ ಹಾಗೆ ತೂತು ತೂತು ಕಾಣತ್ತೆ, ದೊಡ್ಡೋರು ನೋಡೋಕೆ ಬಂದಾಗ ಚೆನ್ನಾಗಿರಲ್ಲ ಅಂತ ಎಲ್ಲಾ ಕಡೆ ಸೊನ್ನೆ ತುಂಬಿಸಿದ್ವಲ್ಲ. ಮರೆತ್ಯಾ? ಬಂದೋರು 'ಎಷ್ಟು ಚೊಕ್ಕವಾಗಿದೆ' ಅಂತ ಹೊಗಳಿ ಹೋದ್ರಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಹೊಳೆಯಿತು.

"ಯಾ ರಬ್, ದೇವರೇ" ಎಂದಳು ಬದ್ರಿಯಾ, ಸಣ್ಣ ದನಿಯಲ್ಲಿ. "ಆಗ ಸೊನ್ನೆ ಬರೀ ಬಣ್ಣಕ್ಕಿತ್ತು. ಈ ವರ್ಷದಿಂದ ಸೊನ್ನೆ ಕಂಡ್ರೆ ಅಳಿಸು ಅಂತ..."

"ಅಂತ ಹೇಳಿಕೊಟ್ಟೋಳು ನಾನು" ಎಂದಳು ಗಾಲಿಯಾ. "ನೆರಳಿಂದು ಕಿತ್ತುಹಾಕು. ಅಲ್ಲಿ ಇದೆ ಅಂತಾನೂ ಬೇಡ, ಇಲ್ಲ ಅಂತಾನೂ ಬೇಡ. ಮೇಷ್ಟ್ರು ಬಾಯಿ ಮುಚ್ಕೊಂಡಿರ್ಲಿ. ಆದ್ರೆ ಸಮುದ್ರದ ಕಡೆಯಿಂದ ಗಾಳಿ ಧೂಳು ಹೊತ್ಕೊಂಡು ಬೆಟ್ಟ ಹತ್ತೋದು ಮೇಷ್ಟ್ರಿಗೆ ಚೆನ್ನಾಗಿ ಕಾಣತ್ತಲ್ಲ, ಅದನ್ನ ಬಿಡಬೇಡ. ಅದನ್ನ ಕೊಟ್ಟು ಲೆಕ್ಕ ಹೊಸದಾಗಿ ಓಡಿಸು."

"ಓಡಿಸ್ತೀನಿ. ಆದ್ರೆ ಉಸ್ತಾದ್ ಒಪ್ಪಬೇಕು. ನಾನು ಕೇಳಲ್ಲಪ್ಪ, ನೀನೇ ಕೇಳು."

ಉಸ್ತಾದ್ ಎಂದರೆ ಕೇಂದ್ರದ ಮುಖ್ಯಸ್ಥ ಮುಹನ್ನಾ. ಒಳ್ಳೆಯ ಮನುಷ್ಯ. ಕೆಟ್ಟದ್ದೇನಿದ್ದರೂ ಅದು ಪದವಿಯದು. ಫೋನು ಎತ್ತಿದಾಗ ಅವರ ಬಾಯಲ್ಲಿ ಹಬ್ಬದ ಕಬಾಬು ಇತ್ತು ಎಂದು ದನಿಯೇ ಹೇಳುತ್ತಿತ್ತು.

"ಈದ್ ಮುಬಾರಕ್ ಉಸ್ತಾದ್. ಬೆಟ್ಟದ ನೆರಳಿರೋ ಜಾಗದ ಸೊನ್ನೆ ತೆಗೀಬೇಕು, ಈಗ್ಲೇ."

"ತೆಗೆದು ಅಲ್ಲಿ ಏನು ಹಾಕ್ತೀಯಮ್ಮ?"

"ಏನೂ ಹಾಕಲ್ಲ."

"ಈಗ ಇರೋದೂ ಅದೇ ತಾನೇ? ಏನೂ ಇಲ್ಲ ಅಂತ."

"ಏನೂ ಇಲ್ಲ ಅಂತ ಹೇಳೋದು ಬೇರೆ ಉಸ್ತಾದ್. ಏನೂ ಹೇಳದೆ ಇರೋದು ಬೇರೆ."

"ಈ ಮಾತನ್ನ ನಾನು ಮೇಲಿನವರಿಗೆ ಹೇಗೆ ಹೇಳ್ಲಿ? ಅಷ್ಟೆಲ್ಲಾ ಸುರಿದು ಕಟ್ಟಿಸಿದ ರೇಡಾರು, ನಡುವೆ ಇಷ್ಟು ದೊಡ್ಡ ಜಾಗದಲ್ಲಿ 'ನಂಗೊತ್ತಿಲ್ಲ' ಅಂತ ಕೂತ್ಕೊಂಡ್ರೆ?"

ನಮ್ಮೂರಲ್ಲಿ ಎಲ್ಲ ಮಾತಿಗೂ ಇನ್ಷಾ ಅಲ್ಲಾ ಸೇರಿಸುತ್ತೇವೆ. ನಾಳೆಯ ಬಗ್ಗೆ ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅದಕ್ಕಿಂತ ಚಂದದ ಮಾತಿಲ್ಲ. ಕಚೇರಿಯ ಪರದೆಯಲ್ಲಿ ಅದಕ್ಕೊಂದು ಬಣ್ಣ ಇಟ್ಟಿರಲಿಲ್ಲ, ಅಷ್ಟೇ.

"ಉಸ್ತಾದ್" ಎಂದಳು ಗಾಲಿಯಾ, "ಇವತ್ತು ಅಸರ್ ಆದ್ಮೇಲೆ ನಮ್ಮೂರೆಲ್ಲಾ ವಾದಿಯೊಳಗೆ ಇಳಿಯತ್ತೆ. ಮಕ್ಕಳು ಮರಿ ಎಲ್ಲಾ. ನಾನೇ ಬೆಳಿಗ್ಗೆ ಇಳೀರಿ ಅಂದಿದ್ದೀನಿ."

ಅಗಿಯುವ ಸದ್ದು ನಿಂತಿತು. "ಮುಖ್ಯ ಲೆಕ್ಕ ಮುಟ್ಟದೆ ಪಕ್ಕದಲ್ಲಿ ಓಡಿಸಿ ನೋಡಿ" ಎಂದರು ಕೊನೆಗೆ. "ಏನು ಬರತ್ತೋ ನಂಗೆ ಕಳ್ಸಿ. ನಾನು ನೋಡೋವರೆಗೂ ಕೇಂದ್ರದ ಹೆಸರಲ್ಲಿ ಏನೂ ಹೊರಗೆ ಹೋಗಬಾರದು."

ಹೊಸ ಲೆಕ್ಕ ಬರುವವರೆಗೆ ಅವಳು ಟ್ಯಾಂಕು ಬಿಡಲಿಲ್ಲ. ಒಂದೇ ಹುಡುಗನ ಮಾತು ನಂಬಬಾರದೆಂದು ಇಪ್ಪತ್ತು ಹುಡುಗರಿಗೆ ಒಂದೇ ಲೆಕ್ಕ ಸ್ವಲ್ಪ ಸ್ವಲ್ಪ ಬದಲಿಸಿ ಕೊಡುತ್ತಾರಂತೆ. ಎಷ್ಟು ಜನ ಒಂದೇ ಉತ್ತರ ತರುತ್ತಾರೆ ಎಂದು ನೋಡುತ್ತಾರಂತೆ. ಫೋನು ಟಿಣ್ ಎಂದಿತು. ಇಪ್ಪತ್ತರಲ್ಲಿ ಹದಿಮೂರು ಹುಡುಗರು ಬೆಟ್ಟದ ಆಚೆ ಗುಡುಗು ಮಳೆ ಬರೆದಿದ್ದರು. ಈ ಸಲ ಅಳಿಸುವ ಕೈ ಇರಲಿಲ್ಲ. ಮೋಡಗಳು ಬೆಳೆದವು, ಕಪ್ಪಾದವು, ಸುರಿದವು. ಸುರಿದದ್ದೆಲ್ಲ ನಮ್ಮ ವಾದಿಗೆ ಇಳಿಯುತ್ತಿತ್ತು. ಅಸರ್ ಹೊತ್ತಿಗೆ ಸರಿಯಾಗಿ.

"ಏಳು ಜನ ಏನಂತಾರೆ?" ಎಂದೆ.

"ಏನೂ ಬರಲ್ಲ ಅಂತಾರೆ" ಎಂದಳು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.

ಖಲ್ಫಾನ್ ಮಾವ ಗುಂಡಿಯ ಪಕ್ಕ ಮುಳ್ಳುಮರದ ನೆರಳಲ್ಲಿ ಕಾವಲು ಕೂತಿದ್ದರು. ಜೊತೆಗೆ ನಾಲ್ಕಾರು ಹರಟೆಮಲ್ಲರು. ಗಾಲಿಯಾ ಬರುವ ನಡಿಗೆಯಲ್ಲೇ ಅವರಿಗೆ ವಾಸನೆ ಹೊಡೆಯಿತು.

"ಬೇಡ" ಎಂದರು ಮಾವ, ಅವಳು ಬಾಯಿ ತೆರೆಯುವ ಮೊದಲೇ.

"ಮಾವ, ಬೆಳಿಗ್ಗೆ ಹೇಳಿದ್ದು ತಪ್ಪು. ಬೆಟ್ಟದ ಆಚೆ ಖಾಲಿ ಅಂದೆ. ನಿಜ ಏನಂದ್ರೆ ಅಲ್ಲಿ ನಮಗೆ ಕಾಣೋದೇ ಇಲ್ಲ. ಕಾಣದೇ ಇರೋದನ್ನ ಇಲ್ಲ ಅಂತ ಬರ್ಕೊಂಡಿದ್ವಿ."

"ಕೇಳಿದ್ರೇನ್ರಪ್ಪಾ?" ಮಾವ ಸುತ್ತಲಿನವರ ಕಡೆ ತಿರುಗಿದರು. "ಹೋದ ವರ್ಷ ಇಲ್ಲದ ಮಳೆ ಇದೆ ಅಂದ್ಲು. ಈ ವರ್ಷ ಇರೋ ಮಳೆ ಇಲ್ಲ ಅಂದ್ಲಂತೆ. ಒಟ್ಟು ಲೆಕ್ಕ ಸರಿಹೋಯ್ತು. ಮನೆಗೆ ಹೋಗಮ್ಮ."

"ಬಂದೇ ಬರತ್ತೆ ಅಂತ ಈ ಸಲ ಹೇಳಲ್ಲ ಮಾವ. ಇಪ್ಪತ್ತು ಲೆಕ್ಕದಲ್ಲಿ ಹದಿಮೂರು ಬರತ್ತೆ ಅಂತಾವೆ, ಏಳು ಬರಲ್ಲ ಅಂತಾವೆ."

"ಹಂಗಾದ್ರೆ ಆ ಏಳರಲ್ಲಿ ನನ್ನ ಮಾಂಸ ಮತ್ತೆ ಹಸಿ!"

"ಹೌದು. ಆ ಹದಿಮೂರರಲ್ಲಿ ಅಸರ್ ಹೊತ್ತಿಗೆ ಇಲ್ಲಿ ನಿಂತಿರೋರು..." ಅವಳು ವಾದಿಯ ತಿರುವಿನ ಕಡೆ ನೋಡಿದಳು.

ಹರಟೆಮಲ್ಲರಲ್ಲೊಬ್ಬ, "ಸರ್ಕಾರದ ಸುದ್ದಿ ಬಂದಿದ್ಯಾ? ರೇಡಿಯೋದಲ್ಲಿ ಹೇಳಿದ್ರಾ?" ಎಂದ.

"ಇಲ್ಲ. ಕೇಂದ್ರ ಇನ್ನೂ ಏನೂ ಹೇಳಿಲ್ಲ. ಇದು ನಾನು ಹೇಳ್ತಿರೋದು."

"ನೀನಾ? ಅರೆಬೆಂದ ಗಾಲಿಯಾನಾ?"

"ಹೌದು, ನಾನೇ, ಅರೆಬೆಂದ ಗಾಲಿಯಾ" ಎಂದಳು ಅವಳು. ಕಿವಿ ಕೆಂಪಾಗಲಿಲ್ಲ ಈ ಸಲ. "ತಪ್ಪಾದ್ರೆ ಸಾಯೋವರೆಗೂ ಹಾಗೇ ಕರೀರಿ, ನಾನು ಓಗೊಡ್ತೀನಿ. ಗುಂಡಿ ತೆಗೀದಿದ್ರೂ ಪರವಾಗಿಲ್ಲ ಮಾವ, ಮಾಂಸ ಹೋದ್ರೆ ಹೋಗ್ಲಿ. ಆದ್ರೆ ಮಾಂಸ ಇಲ್ಲಿದ್ರೆ ಜನ ಬರ್ತಾರೆ. ಆ ಘಮ ಬಿಟ್ಟು ಯಾರು ಮೇಲೆ ನಿಲ್ತಾರೆ ಹೇಳಿ?"

ಖಲ್ಫಾನ್ ಮಾವ ಗಡ್ಡ ಕೆರೆದುಕೊಂಡರು. ಅಷ್ಟರಲ್ಲಿ ನಮ್ಮ ಶಮ್ಸಾ ಅಜ್ಜಿ ದಡದ ಮೇಲಿಂದಲೇ ಕೂಗಿದರು. ಬರುವಾಗಲೇ ನಾನು ಅವರನ್ನು ಮನೆಯಿಂದ ಕರೆತಂದಿದ್ದೆ. ಮಾವನ ಜೊತೆ ವಾದಕ್ಕೆ ಅವರಿಗಿಂತ ದೊಡ್ಡ ವಕೀಲರು ನಮ್ಮೂರಲ್ಲಿ ಇಲ್ಲ.

"ಲೋ ಖಲ್ಫಾನ್! ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈದ್ ಹೀಗೇ ಕುದಿಬಿಸಿಲಲ್ಲಿ ಬಂದಿತ್ತು. ಗುಂಡಿ ಸಮೇತ ಎಲ್ಲಾ ಎತ್ಕೊಂಡು ಹೋಯ್ತಲ್ಲೋ ವಾದಿ! ಆಗ ನೀನು ಅಂಗಿ ಇಲ್ಲದೆ ಓಡಾಡ್ತಿದ್ದೆ. ಮಾಂಸ ಹೋಯ್ತು ಅಂತ ನೀನು ಅತ್ತ ಸದ್ದು ಗುಡುಗಿಗಿಂತ ಜೋರಿತ್ತು."

"ಆಮೇಲೆ ಗುಂಡಿ ಇಲ್ಲೇ ಯಾಕೆ ಕಟ್ಟಿದ್ರಂತೆ?" ಎಂದರು ಮಾವ, ಸೋಲು ಒಪ್ಪದೆ.

"ಮುಂದಿನ ವರ್ಷಗಳಲ್ಲಿ ಈದ್ ತಂಪಿಗೆ ಸರೀತು, ಎಲ್ಲರೂ ಮರೆತ್ರು. ಈಗ ಅದು ಸುತ್ತು ಹಾಕ್ಕೊಂಡು ಮತ್ತೆ ಬಂದಿದೆ. ಅರೆಬೆಂದಿದ್ರೆ ನಾನು ಮನೇಲಿ ಪಾತ್ರೆಗೆ ಹಾಕಿ ಬೇಯಿಸ್ತೀನಿ ಕಣೋ. ವಾದಿ ಪಾಲಾದ್ರೆ ಬಾತಿನಾ ಕಡಲತೀರದ ಮೀನುಗಳು ಈದ್ ಮಾಡ್ತಾವೆ. ಏಳು!"

ಮಾವ ಎದ್ದರು. ಗುದ್ದಲಿ ಎತ್ತಿಕೊಂಡು, ಗಾಲಿಯಾಳ ಕಡೆ ನೋಡದೆ, "ಇದು ಶಮ್ಸಕ್ಕನ ಮಾತಿಗೆ" ಎಂದು ಮಣ್ಣಿಗೆ ಹಾಕಿದರು.

ಹಬೆ ಭುಸ್ಸೆಂದು ಎದ್ದಿತು. ಘಮಕ್ಕೆ ಊರಿನ ನಿದ್ದೆ ಹಾರಿ ಬಾಗಿಲುಗಳು ತೆರೆದವು. ಇಳಿಯಬಂದವರನ್ನು ಗಾಲಿಯಾ ದಾರಿಯ ತಿರುವಿನಲ್ಲೇ ಕೈಯಗಲಿಸಿ ತಡೆದಳು. ಗಂಡಸರು ಸಾಲುಗಟ್ಟಿ ಬಿಸಿಬಿಸಿ ಚೀಲಗಳನ್ನು ಕೈಯಿಂದ ಕೈಗೆ ದಡಕ್ಕೆ ದಾಟಿಸಿದರು. ಮಸೀದಿಯ ಅಂಗಳದಲ್ಲಿ ಚೀಲಗಳು ಗುಡ್ಡೆಯಾದವು. ಮಾವ ಒಂದು ಚೀಲ ಬಿಚ್ಚಿ ಬೆರಳಲ್ಲಿ ಮಾಂಸ ಒತ್ತಿದರು. ಎಲುಬು ಬಿಡಲಿಲ್ಲ. ಚೀಲವನ್ನು ಹಾಗೇ ಮತ್ತೆ ಕಟ್ಟಿಟ್ಟರು. ಅದಕ್ಕಿಂತ ಬೈಗುಳ ವಾಸಿಯಾಗಿತ್ತು.

ಅಸರ್ ಅಜಾನ್ ಆಯಿತು. ನಮಾಜು ಮುಗಿಯಿತು. ಹೊರಬಂದು ಎಲ್ಲರೂ ವಾದಿಯ ಕಡೆ ನೋಡಿದೆವು. ಮರಳು ಫಳಫಳ ಹೊಳೆಯುತ್ತಿತ್ತು. ಊರಿನ ಮೇಲೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಒಂದು ಆಡು ಗುಂಡಿಯ ಅಂಚಿಗೆ ಹೋಗಿ ಇಣುಕಿ ಬಂತು.

"ಆಡಿನ ಕಾಲು ಒದ್ದೆಯಾಗಿದ್ಯಾ ನೋಡ್ರೋ" ಎಂದ ಒಬ್ಬ.

"ಈ ಸಲ ಔಷಧಿ ಮೊದಲೇ ತಂದಿಟ್ಕೊಂಡಿದೀನಿ" ಎಂದ ಇನ್ನೊಬ್ಬ.

ಗಾಲಿಯಾ ಮಸೀದಿಯ ಗೋಡೆಗೆ ಒರಗಿ ನಿಂತಿದ್ದಳು. ಹೊತ್ತು ಹೋಗುತ್ತಿತ್ತು. "ಆ ಏಳು ಜನ ಗೆದ್ರೇನೇ?" ಎಂದೆ ಮೆಲ್ಲಗೆ.

"ಗೆಲ್ಲಬೋದು ಅಣ್ಣ. ಗೆದ್ರೆ ಒಳ್ಳೇದೇ. ಯಾರಿಗೂ ಏನೂ ಆಗಲ್ಲ, ನಂಗೊಬ್ಬಳಿಗೆ ಆಗತ್ತೆ" ಎಂದಳು. ನಗಲು ಹೋದಳು, ಬರಲಿಲ್ಲ.

ಖಲ್ಫಾನ್ ಮಾವನಿಗೆ ತಾಳ್ಮೆ ತೀರಿತು. "ನನ್ನ ತಗಡು ಅಲ್ಲೇ ಬಿಟ್ಟಿದ್ದೀನಿ. ಉಳಿದ ಕೆಂಡಕ್ಕೆ ನಾಲ್ಕು ಚೀಲನಾದ್ರೂ ವಾಪಸ್ ಹಾಕಿ ಅದನ್ನೇ ಮುಚ್ತೀನಿ" ಎಂದು ದಡ ಇಳಿದೇಬಿಟ್ಟರು. ಗಾಲಿಯಾ "ಮಾವ!" ಎಂದಳು. ಅವರು ಹಿಂದೆ ತಿರುಗದೆ ಕೈ ಬೀಸಿದರು. ಅವಳು ಅವರ ಹಿಂದೆಯೇ ಓಡಿದಳು.

ಅಷ್ಟರಲ್ಲಿ ಆ ಆಡು ಕಿವಿ ನಿಮಿರಿಸಿತು. ಆಮೇಲೆ ನಮಗೂ ಕೇಳಿತು. ಲಾರಿಯಿಂದ ಕಲ್ಲು ಸುರಿದ ಹಾಗೆ ಒಂದು ಸದ್ದು. ಆದರೆ ಲಾರಿ ಖಾಲಿಯಾಗಲೇ ಇಲ್ಲ, ಕಲ್ಲು ಸುರಿಯುತ್ತಲೇ ಇತ್ತು, ಹತ್ತಿರವಾಗುತ್ತಲೇ ಇತ್ತು. ಗಾಲಿಯಾ ತಗಡು ಎಳೆಯುತ್ತಿದ್ದ ಮಾವನ ಅಂಗಿ ಹಿಡಿದಳು.

"ಮಾವ, ಬಿಡಿ! ತಗಡು ಬಿಡಿ!"

"ನಮ್ಮಪ್ಪನ ಕಾಲದ ತಗಡು ಕಣೇ!"

"ನೀವೂ ನಿಮ್ಮಪ್ಪನ ಕಾಲದವ್ರೇ! ಬನ್ನಿ!"

ಇಬ್ಬರೂ ಓಡಿ ಬಂದರು. ನಾವು ನಾಲ್ಕು ಜನ ಕೈಕೊಟ್ಟು ಮೇಲೆಳೆದುಕೊಂಡೆವು. ಎಳೆಯುವಾಗ ಮಾವನ ಒಂದು ಚಪ್ಪಲಿ ಕೆಳಗೆ ಉಳಿಯಿತು. ಅವರು ಅದಕ್ಕಾಗಿ ಬಗ್ಗಿದರು, ನಾನು ಬಿಡಲಿಲ್ಲ. ವಾದಿಯ ತಿರುವಿನಿಂದ ಕಂದುಬಣ್ಣದ ನೀರು, ಮುಂದೆ ಮುಳ್ಳುಕಂಟಿ ನೂಕಿಕೊಂಡು, ಗೋಡೆಯ ಹಾಗೆ ಬಂತು. ಗುಂಡಿಗೆ ನೀರು ಬಿದ್ದಾಗ ಉಳಿದ ಕೆಂಡ ಒಂದೇ ಸಲ ಉಸಿರುಬಿಟ್ಟಿತು. ಬಿಳಿ ಹಬೆ ತೆಂಗಿನೆತ್ತರ ಎದ್ದು ಚದುರಿತು. ಆಮೇಲೆ ಗುಂಡಿ ಎಲ್ಲಿತ್ತೆಂದು ಹೇಳಲು ಏನೂ ಉಳಿಯಲಿಲ್ಲ. ಆಡು ಯಾವಾಗಲೋ ದಡ ಹತ್ತಿ ಯಾರದೋ ಚೀಲದ ಬಾಳೆಎಲೆ ಮೇಯುತ್ತಿತ್ತು.

ಪ್ರತಿವರ್ಷ ಈ ಹೊತ್ತಿಗೆ ತಾವು ನಿಲ್ಲುತ್ತಿದ್ದ ಜಾಗವನ್ನು ಪ್ರತಿಯೊಬ್ಬರೂ ನೀರಿನಲ್ಲಿ ಹುಡುಕುತ್ತಿದ್ದರು. ಒಬ್ಬ ತಾಯಿ ತನ್ನ ಮಗುವನ್ನು ಸುಮ್ಮನೆ ಎತ್ತಿಕೊಂಡಳು. ಅದು ಇಳಿಸು ಇಳಿಸು ಎಂದು ಕೂಗಿದರೂ ಕೆಳಗಿಳಿಸಲಿಲ್ಲ.

ಗಾಲಿಯಾಳ ಫೋನಿಗೆ ಬದ್ರಿಯಾಳ ಸುದ್ದಿ ಬಂದದ್ದು ಅವಳು ಮಾಳಿಗೆ ಹತ್ತಿದ ಮೇಲೆಯೇ. ಲೆಕ್ಕ ನೋಡಿದ ಉಸ್ತಾದ್ ಕಬಾಬು ಬಿಟ್ಟು ಕೇಂದ್ರಕ್ಕೇ ಓಡಿಬಂದಿದ್ದರಂತೆ. ಕೆಳಗಿನ ಊರುಗಳ ವಾದಿ ದಾಟುವ ರಸ್ತೆಗಳನ್ನು ಆಗಲೇ ಮುಚ್ಚಿಸಿದ್ದರಂತೆ. ಇನ್ನೊಂದು ಮಾತೂ ಹೇಳಿಕಳಿಸಿದ್ದರು: ಪರದೆಯಲ್ಲಿ ನೆರಳಿನ ಜಾಗಕ್ಕೆ ಬೂದುಬಣ್ಣ ಕೊಡಿ, ದೊಡ್ಡೋರು ಕೇಳಿದ್ರೆ ನಾನು ಹೇಳ್ಕೊತೀನಿ. ಏಣಿನ ಆಚೆಗೊಂದು ಪುಟ್ಟ ರೇಡಾರ್ ಬೇಕೆಂದು ಕೇಳುವುದಕ್ಕೂ ಆ ಬೂದುಬಣ್ಣವೇ ಸಾಕ್ಷಿಯಾಗುತ್ತದಂತೆ. ಪದವಿಯ ಒಳಗಿನ ಮನುಷ್ಯ ಹೊರಗೆ ಬಂದಿದ್ದ.

ಆ ಸಂಜೆ ಮನೆಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆಗಳು ಏರಿದವು. ಶುವಾ ಅಲ್ಲ ಅದು, ಸಾರೂ ಅಲ್ಲ. ಹೆಸರಿಲ್ಲದ ಒಂದು ಅಡಿಗೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮಸೀದಿಯ ಅಂಗಳದಲ್ಲಿ ಚಾಪೆ ಹಾಸಿ, ದೊಡ್ಡ ತಟ್ಟೆಗಳಲ್ಲಿ ಅನ್ನ ಹರವಿ, ಅದರ ಮೇಲೆ ಸುರಿದುಕೊಂಡು ಕೂತೆವು. ಖಲ್ಫಾನ್ ಮಾವ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು ಮಾಡಿಕೊಂಡು ಬಂದು ಗಾಲಿಯಾಳ ಎದುರಿಗೆ ಕೂತರು. ಇನ್ನೊಂದು ಜೊತೆ ಮನೆಯಲ್ಲಿತ್ತು. ಅದನ್ನು ಹಾಕಿಕೊಳ್ಳದೆ ಬಂದದ್ದು ಬೇಕೆಂದೇ.

ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಇಡೀ ಅಂಗಳ ಅವರ ದವಡೆಯನ್ನೇ ನೋಡುತ್ತಿತ್ತು.

"ಅರೆ ಅಲ್ಲ" ಎಂದರು ಕೊನೆಗೆ. "ಮುಕ್ಕಾಲು."

"ಮಾಂಸವಾ ಮಾವ?" ಎಂದಳು ಗಾಲಿಯಾ.

"ನೀನು. ಇವತ್ತಿಂದ ಮುಕ್ಕಾಲು ಬೆಂದ ಗಾಲಿಯಾ. ಅಸರ್ ಹೊತ್ತಿಗೆ ಅಂದಿದ್ದೆ, ಅಸರ್ ಕಳೆದು ಎಷ್ಟೋ ಹೊತ್ತಿಗೆ ಬಂತು ನೀರು. ಆ ಕಾಲು ಭಾಗ ಹಿಡ್ಕೊಂಡಿದ್ದೀನಿ. ಮುಂದಿನ ಈದ್‌ಗೆ ಪೂರ್ತಿ ಬೇಯ್ತೀಯೇನೋ ನೋಡೋಣ."

"ಪೂರ್ತಿ ಬೇಯೋದು ಕಷ್ಟ ಮಾವ. ಗುಂಡೀನ ದಡದ ಮೇಲೆ ಕಟ್ಟಿದ್ರೆ ನಾನು ಮುಕ್ಕಾಲೇ ಇದ್ರೂ ನಡೆಯತ್ತೆ."

ಎಲ್ಲರೂ ನಕ್ಕರು, ಮಾವನ ಹೊರತು. ಅವರು ಬಗ್ಗಿ, ದನಿ ತಗ್ಗಿಸಿ, ಮನೆಯ ಹೆಣ್ಣುಮಗಳನ್ನು ಕೇಳುವ ಹಾಗೆ ಕೇಳಿದರು: "ಮಗಳೇ, ಈಗ ಬೆಟ್ಟದ ಆಚೆ ಏನಿದೆ?"

ಗಾಲಿಯಾ ಬೆಟ್ಟದ ಕಡೆ ನೋಡಿದಳು. ಏಣಿನ ಮೇಲೆ ಬೆಳಕು ಕೆಂಪಾಗುತ್ತಿತ್ತು. "ಗೊತ್ತಿಲ್ಲ ಮಾವ."

ಮಾವ ಒಂದು ಕ್ಷಣ ಯೋಚಿಸಿ, ತೃಪ್ತಿಯಿಂದ ತಲೆಯಾಡಿಸಿ ಎದ್ದರು. "ತಟ್ಟೆ ಎತ್ಕೊಳ್ರೋ" ಎಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದರು. "ಎಲ್ಲಾ ಇನ್ನೂ ಒಂದು ಮೆಟ್ಟಿಲು ಮೇಲೆ ಕೂರಿ. ಹುಡುಗಿ ಗೊತ್ತಿಲ್ಲ ಅಂತಿದ್ದಾಳೆ."

ಊರಿಗೆ ಊರೇ, ಗೊಣಗದೆ, ಅನ್ನದ ತಟ್ಟೆಗಳನ್ನು ಎತ್ತಿಕೊಂಡು ಒಂದು ಮೆಟ್ಟಿಲು ಮೇಲೆ ಹೋಗಿ ಕೂತಿತು.